ಹನ್ನೊಂದನೆಯ ಕೈ

ಪ್ರಾರ್ಥನಾ ಮಂದಿರದ ಹಿಂದಿನ ಕೊಠಡಿಯಲ್ಲಿ, ಯಜಮಾನನೇ ಇಲ್ಲದ ಮರಗೆಲಸದ ಸಂಘ ಕಟ್ಟಿದವನು ಆ ಮುದಿ ಬಡಗಿ. "ಕೈ ಕೊಟ್ಟೋನು ದೇವರು. ದುಡಿದೋರಿಗೂ ಕಾಯಿಲೆ ಬಿದ್ದೋರಿಗೂ ಸಮಪಾಲು" ಎಂದು ನಿಯಮ ಮಾಡಿದವನೂ ಅವನೇ. ಎಲ್ಲರೂ ಒಪ್ಪದೆ ಅದನ್ನು ಬದಲಿಸುವಂತಿರಲಿಲ್ಲ. ಹದಿನೆಂಟು ವರ್ಷ ಹಾಗೇ ನಡೆಯಿತು. ಆಮೇಲೆ ಕಾರ್ಖಾನೆಯ ಅಗ್ಗದ ಕುರ್ಚಿಗಳು ಬಂದು ಕೆಲಸ ಕಡಿಮೆಯಾಯಿತು; ಅದೇ ಹೊತ್ತಿಗೆ ಅವನ ಕೈ ನಡುಗತೊಡಗಿ ಉಳಿ ಹಿಡಿಯಲಾಗದಾಯಿತು.

ಸಭೆಯಲ್ಲಿ ಅವನ ಭಾವಮೈದುನ ತಲೆ ತಗ್ಗಿಸಿಯೇ ಹೇಳಿದ: "ಭಾವ, ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಕ್ಕಾಗತ್ತಾ? ಇನ್ಮೇಲೆ ದುಡಿದೋರಿಗಷ್ಟೇ ಪಾಲು ಅಂತ ಮಾಡೋಣ."

ಹತ್ತು ಕೈ ಮೇಲೆದ್ದವು. ಅವನೊಬ್ಬ ಬೇಡವೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿ, ನಡುಗುವ ಕೈಯನ್ನು ಮೆಲ್ಲಗೆ ಎತ್ತಿದ.

ಮರುದಿನ ಎಂದಿನಂತೆ ಪ್ರಾರ್ಥನೆಗೆ ಬಂದು ಕೂತ. ಮುಗಿದ ಮೇಲೆ ಎಲ್ಲರೂ ಕೆಲಸಕ್ಕೆ ಒಳಗೆ ಹೋದರು. ಅವನು ಚಪ್ಪಲಿ ಮೆಟ್ಟಿ ಮನೆಯ ದಾರಿ ಹಿಡಿದ.