ಕಚ್ಚಾ ಬಣ್ಣದ ಇಂಜೆಕ್ಷನ್

ಮೊಮ್ಮಕ್ಕಳೇ, ಗೌರಿ, ಬಸು, ಬಾಗಲಕೋಟೆಯ ದವಾಖಾನೆಯಲ್ಲಿ ನನ್ನ ಎದೆಯ ಕ್ಯಾನ್ಸರ್ ಗಡ್ಡೆಗೆ ಕೆಂಪು ಇಂಜೆಕ್ಷನ್ ಕೊಟ್ಟ ದಿನವೇ ಮೂತ್ರ ಕೆಂಪಗೆ ಹೋಯಿತು. ರಕ್ತವೆಂದು ಹೆದರಿ, ಇನ್ನೊಂದು ಇಂಜೆಕ್ಷನ್ ಬೇಡವೇ ಬೇಡ ಎಂದು ನಿಮ್ಮ ಅಜ್ಜನ ಮುಂದೆ ಅತ್ತುಬಿಟ್ಟೆ. ಡಾಕ್ಟರಿಗೆ ಹೇಳಲು ನಾಚಿಕೆ. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಅಜ್ಜ ನೆಟ್ಟಗೆ ಹೋಗಿ, ನನ್ನ ಹೆದರಿಕೆಯನ್ನೂ ಹೇಳಿ, ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡರು.

“ಸಾಹೇಬ್ರ, ನಿಮ್ಮ ಬಣ್ಣ ಕಚ್ಚಾ ಐತ್ರಿ. ಮೊದಲನೇ ನೀರಿಗೇ ಬಿಟ್ಟೈತಿ. ಗಡ್ಡಿಗೆ ಇನ್ನೇನ ಹತ್ತತೈತಿ?”

ಡಾಕ್ಟರು ನಕ್ಕರು. “ರಕ್ತ ಅಲ್ರಿ ಯಜಮಾನ್ರ, ಔಷಧದ ಬಣ್ಣ. ಬಣ್ಣ ಹೋದ್ರೂ ಕೆಲಸ ಮಾಡತೈತಿ. ಲಗೂ ಬೆಳಿಯೂದನ್ನ ಹುಡುಕಿ ಹೊಡಿತೈತಿ. ಗಡ್ಡಿ ಹಂಗ ಕೂದಲಾನೂ ಲಗೂ ಬೆಳಿತಾವ. ಅವೂ ಉದುರತಾವ, ಮತ್ತ ಬರತಾವ.”

ಉಳಿದ ಇಂಜೆಕ್ಷನ್ನುಗಳನ್ನೂ ತೆಗೆದುಕೊಂಡೆ. ಗಡ್ಡೆ ಕರಗಿತು, ಕೂದಲು ಉದುರಿ ಮತ್ತೆ ಬಂತು. ಅಜ್ಜ ಈಗಿಲ್ಲ, ಅವರು ಬಣ್ಣ ಹಾಕಿದ ನನ್ನ ಸೀರೆ ಮಾತ್ರ ಇಂದಿಗೂ ಬಣ್ಣ ಬಿಟ್ಟಿಲ್ಲ. ನಿಮಗಾಗಿ ಬರೆದ ಈ ಹಾಳೆಗಳನ್ನು ಅದರಲ್ಲೇ ಸುತ್ತಿ ಜೋಪಾನವಾಗಿಡಿ.