ಸೋಮವಾರದ ಹಾಜರಿ

ಖಾಕಿ ಕಂಡರೆ ತಪ್ಪು ಮಾಡದಿದ್ದರೂ ಬೆವರುವವನು ನಾನು. ಆ ಸೋಮವಾರ ಸಂಜೆ, ರೇಷನ್ ಕಾರ್ಡು ಕಳೆದದ್ದನ್ನು ಬರೆಸಲು ಚೆಂಬೂರಿನ ಕಡೆಯ ಒಂದು ಪೊಲೀಸ್ ಚೌಕಿಗೆ ಹೋದೆ. ಸಾಹೇಬರು ಬರಲಿ ಎಂದು ಜಮಾದಾರ ಬೆಂಚಿನ ಮೇಲೆ ಕೂಡಿಸಿದ. ಪಕ್ಕದಲ್ಲಿದ್ದ ಮುದುಕ ನನ್ನ ಮರಾಠಿ ಕೇಳಿಯೇ, "ನಮ್ಮ ಹುಬ್ಬಳ್ಳಿ ಕಡೇವ್ರೇನ್ರಿ?" ಎಂದ.

ಮಾತಿಗೆ ಮಾತು ಬೆಳೆದು ತನ್ನ ಕಥೆ ಹೇಳಿದ. ಅವನ ಜಾತಿಯವರೆಲ್ಲ ಹುಟ್ಟುಗಳ್ಳರೆಂದು ಹಿಂದೆ ಕಾಯ್ದೆಯೇ ಇತ್ತು. ವಾರವಾರ ಚೌಕಿಗೆ ಬಂದು ಹಾಜರಿ ಕೊಡಬೇಕಿತ್ತು. ಸ್ವರಾಜ್ಯ ಬಂದ ಮೇಲೆ ಸರಕಾರ ಅದನ್ನು ರದ್ದು ಮಾಡಿತು. ಇವನು ಮಾತ್ರ ಪ್ರತಿ ಸೋಮವಾರ ಬರುವುದು ಬಿಟ್ಟಿರಲಿಲ್ಲ.

"ಕಾಯ್ದೆ ಹೋತ್ರಿ, ಸಂಶೇ ಹೋಗಿಲ್ಲ. ಎಲ್ಲೇರ ಕಳವಾದ್ರ ಮೊದಲ ನನ್ನ ಹಿಡೀತಾರ. ಇಲ್ಲೇ ಕುಂತಿದ್ರ ಪೊಲೀಸರ ನನಗ ಸಾಕ್ಷಿ."

"ಅಂಜಬ್ಯಾಡ್ರಿ ಅಜ್ಜಾರ, ಇನ್ನ ಬರೂದು ಬಿಡ್ರಿ," ಎಂದು ದೊಡ್ಡದಾಗಿ ಧೈರ್ಯ ಹೇಳಿದೆ. ಸಾಹೇಬರು ಬರಲೇ ಇಲ್ಲ. ಏನೂ ಬರೆಸದೆ ಎದ್ದು ಬಂದೆ.

ಬಂದು ನೋಡಿದರೆ ನಮ್ಮ ಚಾಳಿನಲ್ಲಿ ಗದ್ದಲ. ಪಕ್ಕದ ಖೋಲಿಯವರ ಹಿತ್ತಾಳೆ ಹಂಡೆ ಕಳುವಾಗಿತ್ತು. ಆ ಹೊತ್ತಿನಲ್ಲಿ ಎಲ್ಲಿದ್ದನೆಂದು ಯಾರಿಗೂ ತಿಳಿಯದವನು ನಾನೊಬ್ಬನೇ. ಮರುದಿನ ಅದೇ ಜಮಾದಾರ ಬಂದು, "ಎಲ್ಲಿದ್ದೆ?" ಎಂದ.

"ನಿಮ್ಮ ಚೌಕಿಯಲ್ಲೇ!"

ಅವನಿಗೆ ನನ್ನ ಮುಖವೇ ನೆನಪಿಲ್ಲ. "ಸಾಕ್ಷಿ ಯಾರು?" ಎಂದ.

ಬೆಂಚಿನ ಮೇಲಿದ್ದ ಮುದುಕನೆಂದೆ; "ಸೋಮವಾರ ಬರ್ತಾನಲ್ಲ, ಆಗ ಕೇಳೋಣ," ಎಂದ. ನನ್ನ ಬುದ್ಧಿಮಾತು ಕೇಳಿ ಅವನು ಬರುವುದು ಬಿಟ್ಟರೆ ನನ್ನ ಗತಿಯೇನು? ಮುಂದಿನ ಸೋಮವಾರದವರೆಗೆ ಅನ್ನ ಸೇರಲಿಲ್ಲ.

ಬಂದ, ಪುಣ್ಯಾತ್ಮ. "ಹೌದ್ರಿ, ನನ್ನ ಬಾಜೂನ ಕುಂತಿದ್ರು," ಎಂದ. ಜಮಾದಾರ ಮರುಮಾತಿಲ್ಲದೆ ನಂಬಿದ. ಅವರದು ಹಳೆಯ ಪರಿಚಯ.

ಈಗಲೂ ಆ ದಾರಿಯಲ್ಲಿ ಹೋದರೆ, ಒಳಗೆ ಹೋಗಿ ಜಮಾದಾರನಿಗೊಂದು ನಮಸ್ಕಾರ ಹಾಕಿಯೇ ಬರುತ್ತೇನೆ. ಮುಖ ನೆನಪಿರಲಿ.