ಕಂಚಿನ ಗಂಡ

ಬೆಳಗಾಗುವ ಮೊದಲು ನಾಗಮಣಿ ನೀರು ಹಿಡಿಯುತ್ತಾಳೆ, ಅಂಗಳ ಗುಡಿಸುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಆಮೇಲೆ ಗಂಡನ ಮುಖವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ. ಆರು ಪೌರ್ವಾತ್ಯ ಭಾಷೆ ಬಲ್ಲ ಪಂಡಿತರಿಗೆ ಶಿಷ್ಯರು ಅವರದೇ ಮುಖ ಅಚ್ಚೊತ್ತಿಸಿ ಕೊಟ್ಟ ಕಂಚಿನ ಪದಕ ಅದು. ತಿಕ್ಕಿ ತಿಕ್ಕಿ ಮೂಗು ಸವೆದಿದೆ. ಆರು ಭಾಷೆಯಲ್ಲೂ ಅವರು ಕಾಫಿ ಕೇಳಬಲ್ಲರು, ಮಾಡಿಕೊಳ್ಳಲು ಮಾತ್ರ ಬಾರದು. ರಾಯದುರ್ಗದ ಹೊಲಿಗೆ ಕಾರ್ಖಾನೆಯಲ್ಲಿ ಜೀನ್ಸ್ ಹೊಲಿದು ಹೊಲಿದು ಅವಳ ಕೈಗೆ ಹತ್ತಿದ ನೀಲಿ ಬಣ್ಣ ಯಾವ ಹುಣಸೆಹಣ್ಣಿಗೂ ಹೋಗದು. “ಇವತ್ತು ಶಿಷ್ಯರು ಬರ್ತಾರ, ಪದಕ ಹೊಳೀಬೇಕು. ನೀ ಆ ನೀಲಿ ಕೈ ತಗೊಂಡು ಹೊರಗ ಬರಬ್ಯಾಡ” ಎಂದರು ಪಂಡಿತರು. “ಹೌದ್ರಿ, ಶಿಷ್ಯರಿಗೆ ಕಾಫಿ ನಿಮ್ಮ ಪದಕಾನ ತಂದು ಕೊಡ್ತದ” ಎಂದಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಪದಕಕ್ಕೆಂದು ನೆನೆಸಿದ್ದ ಹುಣಸೆಹಣ್ಣನ್ನು ಸಾರಿಗೆ ಹಿಂಡಿದಳು. ಶಿಷ್ಯರು ಬಂದು ಕೂತಾಗ, ತಿಕ್ಕದೆ ಬಿಟ್ಟ ಮಂಕು ಪದಕವನ್ನು ಕಾಫಿ ಲೋಟಗಳ ನಡುವೆ ತಟ್ಟೆಯಲ್ಲಿಟ್ಟು, ಸೆರಗು ಮುಚ್ಚದ ನೀಲಿ ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದಳು.